ಹಗೇವಿನ ಜೋಳ ಯಾರದೆಂದು ಕೇಳಿರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದು ವಿಜಯಪುರದಲ್ಲೋ ಧಾರವಾಡದಲ್ಲೋ ಕೋಣೆ ಹಿಡಿದು ಪರೀಕ್ಷೆಗೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮಗೊಂದು ಮಾತು. ಪ್ರತಿ ಶುಕ್ರವಾರ ರಿಸರ್ವ್ ಬ್ಯಾಂಕು ದೇಶದ ವಿದೇಶಿ ವಿನಿಮಯ ಮೀಸಲಿನ ಅಂಕಿ ಪ್ರಕಟಿಸುತ್ತದೆ. ಮರುದಿನದ ಪತ್ರಿಕೆಯಲ್ಲಿ ಇಷ್ಟು ಏರಿತು, ಇಷ್ಟು ಇಳಿಯಿತು ಎಂದು ನಾಲ್ಕು ಸಾಲು ಬರುತ್ತದೆ. ನೀವು ಅದನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಬಾಯಿಪಾಠ ಮಾಡುತ್ತೀರಿ. ಏರಿದರೆ ದೇಶ ಗೆದ್ದಿತು, ಇಳಿದರೆ ಮುಳುಗಿತು ಎಂದು ಚಹಾದ ಅಂಗಡಿಯಲ್ಲಿ ವಾದವನ್ನೂ ಮಾಡುತ್ತೀರಿ. ಅಂಕಿ ನೆನಪಿರಲಿ, ಬೇಡ ಅನ್ನುವುದಿಲ್ಲ. ಆದರೆ ಯಾಕೆ ಏರಿತು, ಯಾಕೆ ಇಳಿಯಿತು ಎಂದು ಕೇಳದೆ ಪುಟ ತಿರುವಬೇಡಿ.

ನಿಮ್ಮ ಅಜ್ಜಂದಿರಿಗೆ ಹಗೇವು ಗೊತ್ತಿತ್ತು. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1876–78ರ ಬರ ಈ ಸೀಮೆಯನ್ನು ಹಿಂಡಿದ ಮೇಲಂತೂ ಹಗೇವು ಇಲ್ಲದ ಊರಿಗೆ ಧೈರ್ಯವೇ ಇರಲಿಲ್ಲ. ದೇಶದ ಮೀಸಲೂ ಅಂಥದ್ದೇ. ಅದರಲ್ಲಿ ನಾಲ್ಕು ಬಗೆ ಇವೆ: ವಿದೇಶಿ ಕರೆನ್ಸಿಯ ಆಸ್ತಿ, ಚಿನ್ನ, ಅಂತರರಾಷ್ಟ್ರೀಯ ಹಣಕಾಸು ನಿಧಿಯು ಹಂಚಿದ ಎಸ್‌ಡಿಆರ್ (ವಿಶೇಷ ಹಣ ಪಡೆಯುವ ಹಕ್ಕು), ಆ ನಿಧಿಯಲ್ಲಿ ನಮಗಿರುವ ಮೀಸಲು ಪಾಲು. ಕರೆನ್ಸಿಯ ಆಸ್ತಿಯೇ ದೊಡ್ಡದು. ಡಾಲರ್ ಹೆಚ್ಚು ಬಂದಾಗ ರಿಸರ್ವ್ ಬ್ಯಾಂಕು ರೂಪಾಯಿ ಕೊಟ್ಟು ಕೊಂಡಿಡುತ್ತದೆ. ರೂಪಾಯಿ ಕುಸಿಯತೊಡಗಿದರೆ ಆ ಡಾಲರನ್ನೇ ತೆಗೆದು ಮಾರುತ್ತದೆ.

ಈಗ ಲೆಕ್ಕ ನೋಡಿ. 2024ರ ಮಾರ್ಚ್ ಕೊನೆಗೆ ಮೀಸಲು 646.4 ಬಿಲಿಯನ್ ಡಾಲರ್ ಇತ್ತು. ಒಂದು ಬಿಲಿಯನ್ ಅಂದರೆ ನೂರು ಕೋಟಿ. 2025ರ ಮಾರ್ಚ್ ಕೊನೆಗೆ ಅದು 668.3 ಬಿಲಿಯನ್ ಆಯಿತು. ಹತ್ತಿರ ಹತ್ತಿರ 22 ಬಿಲಿಯನ್ ಏರಿಕೆ ಎಂದು ನೀವು ಬರೆದುಕೊಳ್ಳುತ್ತೀರಿ. ಆದರೆ ಪಾವತಿ ಶಿಲ್ಕಿನ ಲೆಕ್ಕದಲ್ಲಿ, ಅಂದರೆ ನಿಜವಾಗಿ ಬಂದದ್ದು ಹೋದದ್ದು ನೋಡಿದರೆ, ಆ ವರ್ಷ ಮೀಸಲಿನಿಂದ 5 ಬಿಲಿಯನ್ ಹೊರಗೆ ಹೋಗಿದೆ! ಹಗೇವಿನಿಂದ ಜೋಳ ತೆಗೆದಿದ್ದೇವೆ, ಪೇಟೆಯಲ್ಲಿ ಧಾರಣೆ ಏರಿದ್ದರಿಂದ ಉಳಿದ ಜೋಳದ ಬೆಲೆ ಹೆಚ್ಚಿದೆ. ಪತ್ರಿಕೆಯ ನಾಲ್ಕು ಸಾಲಿನಲ್ಲಿ ಇದು ಕಾಣುವುದಿಲ್ಲ. ಮೂರು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕು ಕೊಡುವ ಪಾವತಿ ಶಿಲ್ಕಿನ ವರದಿಯಲ್ಲಿ ಕಾಣುತ್ತದೆ. ಅದನ್ನು ಓದುವ ರೂಢಿ ಮಾಡಿಕೊಳ್ಳಿ.

ಚಿನ್ನದ್ದೂ ಇದೇ ಮಾತು. 2025ರ ಮಾರ್ಚ್ ಕೊನೆಗೆ ನಮ್ಮಲ್ಲಿ ಹೆಚ್ಚು ಕಡಿಮೆ 880 ಟನ್ ಚಿನ್ನವಿತ್ತು, ಸೆಪ್ಟೆಂಬರ್ ಕೊನೆಗೂ ಅಷ್ಟೇ. ಆ ಆರು ತಿಂಗಳಲ್ಲಿ ಒಟ್ಟು ಮೀಸಲಿನಲ್ಲಿ ಚಿನ್ನದ ಪಾಲು ಮಾತ್ರ ಶೇ 11.7ರಿಂದ ಶೇ 13.9ಕ್ಕೆ ಏರಿತು. ಮರು ತಿಂಗಳು, ಅಕ್ಟೋಬರಿನಲ್ಲಿ, ಅದರ ಬೆಲೆ ಮೊದಲ ಸಲ 100 ಬಿಲಿಯನ್ ಡಾಲರ್ ದಾಟಿತು. ತೂಕ ಅಷ್ಟೇ ಇದೆ, ಬೆಲೆ ಬೆಳೆದಿದೆ.

ಇಳಿಕೆಗೂ ಇದೇ ಕಣ್ಣು ಬೇಕು. 2022ರ ಏಪ್ರಿಲ್ ಮೊದಲಿಗೆ 606.5 ಬಿಲಿಯನ್ ಇದ್ದದ್ದು ಸೆಪ್ಟೆಂಬರ್ 23ಕ್ಕೆ 537.5 ಬಿಲಿಯನ್ನಿಗೆ ಬಂತು. ದೇಶ ಬರಿದಾಯಿತು ಎಂದು ಆಗ ಕೂಗಿದವರು ಬಹಳ. ಆ ಇಳಿಕೆಯಲ್ಲಿ ಸುಮಾರು ಶೇ 67 ಪಾಲು ಬರೀ ಮೌಲ್ಯದ ಏರುಪೇರು ಎಂದು ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ವಿವರಿಸಿದರು. ನಮ್ಮ ಮೀಸಲಿನಲ್ಲಿ ಯೂರೋ, ಪೌಂಡ್, ಯೆನ್ ಕೂಡ ಇವೆ. ಲೆಕ್ಕ ಹೇಳುವುದು ಡಾಲರಿನಲ್ಲಿ. ಡಾಲರ್ ಬಲವಾದರೆ ಉಳಿದವು ಸಣ್ಣದಾಗಿ ಕಾಣುತ್ತವೆ. ಅಮೆರಿಕದಲ್ಲಿ ಬಡ್ಡಿ ಏರಿದರೆ ನಾವು ಇಟ್ಟುಕೊಂಡ ಹಳೆಯ ಬಾಂಡುಗಳ ಬೆಲೆ ಬೀಳುತ್ತದೆ. ಉಳಿದ ಮೂರನೆಯ ಒಂದು ಪಾಲು ಮಾತ್ರ ನಿಜವಾಗಿ ಹೊರಗೆ ಹೋದದ್ದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಹಗೇವಿನಲ್ಲಿ ಇರುವುದು ನಾವು ಬೆಳೆದದ್ದೋ, ಮಂದಿ ತಂದಿಟ್ಟದ್ದೋ? ನಾವು ಹೊರದೇಶಕ್ಕೆ ಮಾರುವ ಸರಕಿಗಿಂತ ಕೊಳ್ಳುವ ಸರಕು ಹೆಚ್ಚು. ಸಾಫ್ಟ್‌ವೇರಿನ ಗಳಿಕೆ, ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಆ ಕೊರತೆಯನ್ನು ಬಹಳಷ್ಟು ತುಂಬುತ್ತವೆ. ಹೆಚ್ಚಿನ ವರ್ಷಗಳಲ್ಲಿ ಪೂರ್ತಿ ತುಂಬುವುದಿಲ್ಲ. ಆದರೂ ಮೀಸಲು ಬೆಳೆದಿದ್ದರೆ ಹೂಡಿಕೆಯಾಗಿ, ಸಾಲವಾಗಿ, ಠೇವಣಿಯಾಗಿ ಬಂದ ಹಣದಿಂದ. 2025ರ ಮಾರ್ಚ್ ಕೊನೆಗೆ ದೇಶದ ಹೊರಸಾಲ ಸುಮಾರು 736 ಬಿಲಿಯನ್ ಇತ್ತು, ಮೀಸಲಿಗಿಂತ ಹೆಚ್ಚು. 2013ರಲ್ಲಿ ರೂಪಾಯಿ ಕುಸಿದಾಗ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ರಘುರಾಮ್ ರಾಜನ್ ಅನಿವಾಸಿ ಭಾರತೀಯರ ಠೇವಣಿಗೆ ಅನುಕೂಲದ ದಾರಿ ಮಾಡಿದರು. ಬ್ಯಾಂಕುಗಳ ಹೊರಸಾಲವೂ ಸೇರಿ 34 ಬಿಲಿಯನ್ ಬಂತು. ಒಳ್ಳೆಯ ಕೆಲಸವೇ. ಆದರೆ 2016ರಲ್ಲಿ ಆ ಠೇವಣಿಗಳನ್ನು ತಿರುಗಿ ಕೊಡಬೇಕಾಯಿತು. ಮಂದಿ ಜೋಳ ಮಂದಿಗೆ ಹೋಯಿತು.

1991ರಲ್ಲಿ ಆದದ್ದೂ ಇದೇ. ಇರಾಕ್ 1990ರ ಆಗಸ್ಟಿನಲ್ಲಿ ಕುವೈತ್ ಹೊಕ್ಕಿತು, ಕಚ್ಚಾತೈಲದ ಬೆಲೆ ಹಾರಿತು, ಅನಿವಾಸಿಗಳು ಠೇವಣಿ ಹಿಂತೆಗೆದರು. ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿಯಿತು. 1991ರ ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್ ಚಿನ್ನವನ್ನು ತಿರುಗಿ ಕೊಳ್ಳುವ ಕರಾರಿನ ಮೇಲೆ ಮಾರಿದರು. ಜುಲೈನಲ್ಲಿ ರಿಸರ್ವ್ ಬ್ಯಾಂಕು 46.91 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಒತ್ತೆಯಿಟ್ಟು 40 ಕೋಟಿ ಡಾಲರ್ ತಂದಿತು. ಅದೇ ವರ್ಷ ಒತ್ತೆ ಬಿಡಿಸಿಕೊಂಡರು. ಹದಿನೆಂಟು ವರ್ಷದ ಮೇಲೆ, 2009ರಲ್ಲಿ, ಇದೇ ದೇಶ ಹಣಕಾಸು ನಿಧಿಯಿಂದ 200 ಟನ್ ಚಿನ್ನವನ್ನು 6.7 ಬಿಲಿಯನ್ ಡಾಲರ್ ಎಣಿಸಿ ಕೊಂಡಿತು. ಈ ಎರಡು ಘಟನೆಗಳನ್ನು ಒಟ್ಟಿಗೆ ಓದಿ. ಆ ಸಂಕಟವೂ ತಿಳಿಯಬೇಕು, ಆ ಚೇತರಿಕೆಯ ಹೆಮ್ಮೆಯೂ ತಿಳಿಯಬೇಕು.

ನಮ್ಮ ತಾಲೂಕುಗಳಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಹಿಂಗಾರಿ ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ಕುಸುಬಿ ನಿಲ್ಲುತ್ತಿತ್ತು, ಎರೆಹೊಲದಲ್ಲಿ ಸೂರ್ಯಕಾಂತಿ ಹೂಬಿಡುತ್ತಿತ್ತು. ಈಗ ಎರಡೂ ಬಹಳ ಕಡಿಮೆ. ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು: ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನಿನಿಂದ. ತೊಗರಿಯ ನಾಡಾದ ನಮಗೆ ಮೊಜಾಂಬಿಕ್, ಮ್ಯಾನ್ಮಾರಿನ ತೊಗರಿ ಪೈಪೋಟಿ ಕೊಡುತ್ತಿದೆ. ಇದಕ್ಕೆಲ್ಲ ಹೋಗುವುದು ಡಾಲರ್. ರೈತನನ್ನು ಬೈದು ಪ್ರಯೋಜನವಿಲ್ಲ. ಖಾತ್ರಿ ಬೆಲೆ ಸಿಗದ ಬೆಳೆಯನ್ನು ಯಾರೂ ಬಹಳ ವರ್ಷ ಬಿತ್ತಲಾರರು.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದವನು. ಭಂಡಾರದ ಲೆಕ್ಕ ಕೇಳುವುದು ಈ ನೆಲದವರಿಗೆ ಹೊಸದೇನಲ್ಲ. ನಿಮ್ಮಲ್ಲಿ ಕೆಲವರಾದರೂ ನಾಳೆ ಕೃಷಿ ಇಲಾಖೆಯಲ್ಲಿ, ಬ್ಯಾಂಕಿನಲ್ಲಿ, ತಹಶೀಲ್ದಾರ ಕಚೇರಿಯಲ್ಲಿ ಕೂರುವಿರಿ. ಆಗ ಕುಸುಬಿ, ಸೂರ್ಯಕಾಂತಿಗೆ ಬೆಂಬಲ ಬೆಲೆಯ ಖರೀದಿ ಕೇಂದ್ರ ಬೇಕೆಂದು ರೈತ ಅರ್ಜಿ ಹಿಡಿದು ಬಂದರೆ, ಅದನ್ನು ಕಡತದಲ್ಲಿ ಕೂಡಿಸಬೇಡಿ. ಸುಗ್ಗಿಗೆ ಮೊದಲೇ ಕೇಂದ್ರ ತೆರೆಯಿಸಿ.