39 ಶಿಲ್ಲಿಂಗಿನ ಗುಟ್ಟು

ಮಕ್ಕಳೇ, ನಮ್ಮ ಲ್ಯಾಬಿನಲ್ಲಿ ನೀರು ಕುದಿಸಿದಾಗ ಥರ್ಮಾಮೀಟರು 98 ಡಿಗ್ರಿ ತೋರಿಸಿತ್ತು. ರೆಕಾರ್ಡ್ ಪುಸ್ತಕ ತಿದ್ದಲು ಕೂತರೆ ಎಲ್ಲರದ್ದೂ 100! ಯಾಕೆ ಹೀಗೆ ಬರೆದಿರಿ ಅಂತ ಕೇಳಿದರೆ, "ಮಾರ್ಕು ಹೋಗ್ತದೆ ಸಾರ್" ಅಂದರು. ಅಂದರೆ ಆ ಸಂಖ್ಯೆ ನೀರಿನ ಬಗ್ಗೆ ಅಲ್ಲ, ನಿಮ್ಮ ಹೆದರಿಕೆಯ ಬಗ್ಗೆ ಹೇಳುತ್ತಿತ್ತು.

ಇಂಥದ್ದೇ ಒಂದು ಸಂಖ್ಯೆ ಇಂಗ್ಲೆಂಡಿನ ಹಳೆಯ ಕೋರ್ಟು ದಾಖಲೆಗಳಲ್ಲಿದೆ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣೆಗಳ ವರದಿ 1674ರಿಂದ 1913ರವರೆಗೆ ಅಚ್ಚಾಗುತ್ತಿತ್ತು. ಸುಮಾರು 1 ಲಕ್ಷ 97 ಸಾವಿರ ಮೊಕದ್ದಮೆಗಳು! ಈಗ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಾರೆ. ಅಪರಾಧ, ಕದ್ದ ಮಾಲಿನ ಬೆಲೆ, ತೀರ್ಪು, ಶಿಕ್ಷೆ ಎಲ್ಲವನ್ನೂ ಎಣಿಸಬಹುದು.

18ನೇ ಶತಮಾನದ ಕಳ್ಳತನದ ತೀರ್ಪುಗಳಲ್ಲಿ "39 ಶಿಲ್ಲಿಂಗ್" ಎಂಬ ಬೆಲೆ ಮತ್ತೆ ಮತ್ತೆ ಬರುತ್ತದೆ. ಕಳ್ಳರೆಲ್ಲ ಅಷ್ಟೇ ಬೆಲೆಯ ಮಾಲು ಹುಡುಕಿ ಕದ್ದರೇ? ಇಲ್ಲ. ಆಗಿನ ಕಾನೂನಿನಂತೆ ಮನೆಯೊಳಗಿಂದ 40 ಶಿಲ್ಲಿಂಗ್ ಅಥವಾ ಹೆಚ್ಚಿನ ಬೆಲೆಯ ಮಾಲು ಕದ್ದರೆ ಮರಣದಂಡನೆ. ಬೆಲೆ ತೀರ್ಮಾನಿಸುತ್ತಿದ್ದವರು 12 ಮಂದಿ ಪಂಚರು, ಅಂದರೆ ಜೂರಿ. ಒಂದು ಶಿಲ್ಲಿಂಗ್ ಇಳಿಸಿದರೆ ಒಂದು ಜೀವ ಉಳಿಯುತ್ತಿತ್ತು. ಅವರು ಇಳಿಸಿದರು.

ಇದು ಊಹೆ ಮಾತ್ರವೇ? ಪರೀಕ್ಷಿಸೋಣ. 1827ರಲ್ಲಿ ಆ ಮಿತಿಯನ್ನು 5 ಪೌಂಡಿಗೆ, ಅಂದರೆ 100 ಶಿಲ್ಲಿಂಗಿಗೆ ಏರಿಸಿದರು. ಆಮೇಲೆ ತೀರ್ಪುಗಳಲ್ಲಿ 99 ಶಿಲ್ಲಿಂಗ್ ಕಾಣಿಸಿಕೊಂಡಿತು! ಮಿತಿ ಸರಿದಂತೆ ಬೆಲೆಯೂ ಸರಿಯಿತು. ನಮ್ಮ ಊಹೆಗೆ ಬಲ ಬಂತು.

ಹಾಗಾಗಿ ದಾಖಲೆಯನ್ನು ಎಣಿಸುವ ಮೊದಲು ಮೂರು ಪ್ರಶ್ನೆ ಕೇಳಿ:

1. ದಾಖಲೆಗೆ ಬಾರದ್ದು ಯಾವುದು? ಲಂಡನ್ನಿಗೆ ಮೆಟ್ರೊಪಾಲಿಟನ್ ಪೊಲೀಸ್ ಬಂದದ್ದು 1829ರಲ್ಲಿ. ಅದಕ್ಕೆ ಮೊದಲು ಸಾಮಾನ್ಯವಾಗಿ ಕಳಕೊಂಡವರೇ ಮೊಕದ್ದಮೆ ಹೂಡಬೇಕಿತ್ತು. ಕೈಯಲ್ಲಿ ದುಡ್ಡಿಲ್ಲದವರು ಸುಮ್ಮನಾಗುತ್ತಿದ್ದರು.

2. ನಿಯಮ ಬದಲಾಯಿತೇ? 1855ರ ಕಾನೂನಿನಿಂದ ಸಣ್ಣ ಕಳ್ಳತನದ ಅನೇಕ ಮೊಕದ್ದಮೆಗಳು ಕೆಳಗಿನ ನ್ಯಾಯಾಲಯಗಳಿಗೆ ಹೋದವು. ಓಲ್ಡ್ ಬೇಲಿಯ ಲೆಕ್ಕ ಇಳಿಯಿತು. ಹಾಗಂತ ಕಳ್ಳತನವೇ ಇಳಿಯಿತು ಅನ್ನುವಂತಿಲ್ಲ.

3. ಜನಸಂಖ್ಯೆ ಎಷ್ಟು? ಮೊಕದ್ದಮೆಗಳನ್ನು ಜನಸಂಖ್ಯೆಯಿಂದ ಭಾಗಿಸಿ, 1 ಲಕ್ಷದಿಂದ ಗುಣಿಸಿದರೆ ಲಕ್ಷಕ್ಕೆ ಎಷ್ಟು ಎಂಬ ದರ ಸಿಗುತ್ತದೆ.

ಮಾಡಿ ನೋಡಿ: ಒಂದು ಊರಿನಲ್ಲಿ 1 ಲಕ್ಷ ಜನ, 200 ಮೊಕದ್ದಮೆ ಎಂದಿಟ್ಟುಕೊಳ್ಳಿ. ಐವತ್ತು ವರ್ಷದ ನಂತರ 3 ಲಕ್ಷ ಜನ, 450 ಮೊಕದ್ದಮೆ. ಅಪರಾಧದ ದರ ಏರಿತೇ, ಇಳಿಯಿತೇ?

ಇನ್ನು ಮುಂದೆ ಥರ್ಮಾಮೀಟರು 98 ತೋರಿಸಿದರೆ 98 ಅಂತಲೇ ಬರೆಯಿರಿ. ಮಾರ್ಕು ಕಳೆಯುವುದಿಲ್ಲ. ಯಾಕೆ 98 ಬಂತು ಅಂತ ಒಟ್ಟಿಗೆ ಹುಡುಕೋಣ.