ಸೆಳವು ದಾರ ಎಳೆದರೆ ಮೀನು ಮೂಸುವುದಿಲ್ಲ

ಪ್ರಶ್ನೆ: ಕಂಪ್ಲಿ ಸೇತುವೆ ದಾಟಿ ಕೆಳಗೆ, ಗಂಗಾವತಿ ಕಡೆಯ ದಡದಲ್ಲಿ ಫ್ಲೈ ಫಿಶಿಂಗ್ ಕಲಿಯುತ್ತಿದ್ದೇನೆ. ಎದುರಿನ ಬಂಡೆ ಮರೆಗೆ ನೇರ ಎಸೆದರೆ ಕೃತಕ ನೊಣ ಕೊಚ್ಚಿಕೊಂಡು ಓಡುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ತೊಂದರೆ ಕೋನದ್ದು. ನಿಮಗೂ ಬಂಡೆ ಮರೆಯ ನಿಧಾನ ನೀರಿಗೂ ನಡುವೆ ವೇಗದ ಸೆಳವಿದೆ. ಅದು ದಾರದ ನಡುಭಾಗವನ್ನು ಬಿಲ್ಲಿನಂತೆ ಬಾಗಿಸಿ ನೊಣವನ್ನು ಎಳೆಯುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ. ಮೀನು ಹತ್ತಿರವೂ ಸುಳಿಯದು.

ಆ ದಡದಲ್ಲಿ ಹೊಳೆಗೆ ಮುಖ ಮಾಡಿ ನಿಂತರೆ ತುಂಗಭದ್ರೆ ನಿಮ್ಮ ಬಲದಿಂದ ಎಡಕ್ಕೆ ಹರಿಯುತ್ತದೆ. ಹಾಗಾಗಿ ಬಲಕ್ಕೆ, ಮೇಲ್ಹರಿವಿನತ್ತ ಸುಮಾರು 45 ಡಿಗ್ರಿ ಓರೆಯಾಗಿ ಎಸೆಯಿರಿ. ನೊಣ ನೀರು ಮುಟ್ಟಿದ ಕೂಡಲೇ, ಬಾಗು ಮೂಡುವ ಮುನ್ನ, ಕೋಲಿನ ತುದಿ ಎತ್ತಿ ಬಲಕ್ಕೆ ಅರ್ಧವೃತ್ತ ತಿರುಗಿಸಿ. ದಾರದ ನಡುಭಾಗ ಮಾತ್ರ ಮೇಲ್ಹರಿವಿಗೆ ಬೀಳಬೇಕು, ನೊಣ ಅಲುಗಬಾರದು. ನೊಣ ನಿಮ್ಮತ್ತ ತೇಲಿ ಬರುವಾಗ ಸಡಿಲ ದಾರವನ್ನು ಕೋಲು ಹಿಡಿದ ಕೈಯ ತೋರುಬೆರಳಿನಡಿ ಎಳೆದುಕೊಳ್ಳಿ. ನಿಮ್ಮನ್ನು ದಾಟಿದ ಮೇಲೆ ಕೋಲು ತಗ್ಗಿಸಿ ದಾರ ಬಿಡುತ್ತಾ ಹೋಗಿ.

ಸಣ್ಣ ಮೀನಿನ ಆಕಾರದ ಸ್ಟ್ರೀಮರ್ ಕಟ್ಟಿದ್ದರೆ ಲೆಕ್ಕ ತಲೆಕೆಳಗು. ಕೆಳಹರಿವಿಗೆ ಓರೆಯಾಗಿ ಎಸೆದು, ದಾರ ಬಿಗಿಯಾಗಿಟ್ಟು, ದಡದತ್ತ ಸರಿದು ಬರಲು ಬಿಡಿ. ತೀರಾ ಬೇಗ ಬಂದರೆ ಮುಂದಿನ ಎಸೆತ ಇನ್ನಷ್ಟು ಕೆಳಕ್ಕಿರಲಿ.

ಎರಡು ಎಚ್ಚರಿಕೆ. ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅದರೊಳಗಿನ ಆನೆಗೊಂದಿ, ಸಣಾಪುರದತ್ತ ಗಾಳ ಒಯ್ಯುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಿ. ಮುನಿರಾಬಾದಿನಲ್ಲಿ ಅಣೆಕಟ್ಟೆಯ ಗೇಟು ತೆರೆದ ಸುದ್ದಿ ಬಂದರೆ ಹೊಳೆಗೆ ಇಳಿಯಲೇಬೇಡಿ.