ಪುಟ್ಟು ಹೇಳುವ ಲೆಕ್ಕ

ರಾತ್ರಿ ಊಟಕ್ಕೆಂದು ಹೊರಗೆ ಹೋಗುವುದು ಮಡಿಕೇರಿಯ ಊರವರಿಗೆ ಅಷ್ಟಾಗಿ ಅಭ್ಯಾಸವಿಲ್ಲದ ಸಂಗತಿ. ಹಗಲು ಪೇಟೆಗೆ ಬಂದವರು ದೋಸೆ ತಿಂದು, ಕಾಫಿ ಕುಡಿದು, ಸಾಮಾನು ಕಟ್ಟಿಸಿಕೊಂಡು, ಕತ್ತಲಾಗುವ ಮೊದಲೇ ಬಸ್ಸು ಹತ್ತುತ್ತಾರೆ. ರಾತ್ರಿ ಹೋಟೆಲಿನಲ್ಲಿ ಉಣ್ಣುವವರೆಂದರೆ ಲಾಡ್ಜಿನಲ್ಲಿ ಇಳಿದ ಪ್ರವಾಸಿಗರು, ಗಾಡಿ ಓಡಿಸುವವರು, ಇಲ್ಲವೇ ವಿಜಯದಶಮಿಯಂದು ದಶಮಂಟಪ ನೋಡಲು ಬೆಳಗಿನವರೆಗೆ ಎಚ್ಚರವಿರುವ ಜನ. ಹೀಗಿರುವ ಊರಿನಲ್ಲಿ, ನಮ್ಮ ಮನೆಗೆ ಹತ್ತಿರದ ಕೆಫೆಯೊಂದು ರಾತ್ರಿ ಊಟವನ್ನೂ ಕೊಡುವುದಾಗಿ ಬೋರ್ಡು ಹಾಕಿತು. ಅಲ್ಲಿಯವರೆಗೆ ಕಾಫಿ, ಕೇಕು, ಸ್ಯಾಂಡ್‌ವಿಚ್ ಮಾರಿ ಏಳು ಗಂಟೆಗೆ ಬಾಗಿಲು ಹಾಕುತ್ತಿದ್ದ ಜಾಗ ಅದು. ಬೋರ್ಡು ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಕೊಟ್ಟ ದುಡ್ಡಿಗೆ ತಕ್ಕ ಹಾಗಿದೆಯಾ?

ಉತ್ತರ ಹೇಳುವಷ್ಟು ಸಲ ನಾನು ಅಲ್ಲಿ ಉಂಡಿದ್ದೇನೆ, ಜನ ಕಿಕ್ಕಿರಿದ ಸೀಸನ್ನಿನಲ್ಲೂ, ನಾವೊಂದೇ ಮೇಜು ತುಂಬಿದ್ದ ಮಳೆಗಾಲದಲ್ಲೂ. ಕೆಫೆಯ ಹೆಸರು ಬರೆಯುವುದಿಲ್ಲ. ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ಹೊಸದಾಗಿ ದೀಪ ಹಚ್ಚಿಕೊಂಡಿರುವ ಇಂಥ ಇನ್ನೊಂದು ಜಾಗಕ್ಕೂ ಈ ಲೆಕ್ಕ ಹೊಂದೀತು.

ಅತ್ತೆಯ ಲೆಕ್ಕ

ಮೊದಲು ಬೆಲೆ ಹೇಳಿಬಿಡುತ್ತೇನೆ. ಹಂದಿಮಾಂಸದ ಪಂದಿ ಕರಿ ಒಂದು ಬಟ್ಟಲಿಗೆ 340 ರೂಪಾಯಿ, ಕೋಳಿ ಕರಿ 280, ಅಣಬೆ ಇಲ್ಲವೇ ತರಕಾರಿ ಕರಿ 200. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಆರಂಭದಲ್ಲಿ ಒಂದು ತಟ್ಟೆಗೆ 60 ಇತ್ತು, ಈಗ 80. ಮಳೆಗಾಲದಲ್ಲಿ ಒಮ್ಮೊಮ್ಮೆ ಎಳೆ ಬಿದಿರಿನ ಕಣಿಲೆ ಕರಿ ಸಿಗುತ್ತದೆ. ಕ್ಯಾಪುಚಿನೊ 120. ಇಬ್ಬರು ಹೊಟ್ಟೆ ತುಂಬ ಉಂಡು, ಕಾಫಿ ಕುಡಿದು ಎದ್ದರೆ ಸಾವಿರ ರೂಪಾಯಿ ಸಾಲದೇ ಹೋಗಬಹುದು. ಬಸ್ ನಿಲ್ದಾಣದ ಕಡೆಯ ಸಣ್ಣ ಹೋಟೆಲಿನಲ್ಲಿ ಅದೇ ಇಬ್ಬರು ಪರೋಟ, ಮೊಟ್ಟೆ ಕರಿ ತಿಂದರೆ ಅದರ ಕಾಲು ಭಾಗವೂ ಖರ್ಚಾಗುವುದಿಲ್ಲ.

ನಮ್ಮ ಅತ್ತೆ ಬೆಲೆ ಕೇಳಿ, "ಇದೇ ದುಡ್ಡಿಗೆ ಮಾಂಸ ತಂದರೆ ಮನೆಮಂದಿಯೆಲ್ಲ ಎರಡು ಹೊತ್ತು ಉಣ್ಣಬಹುದಲ್ಲ?" ಎಂದರು. ಮಾತು ನಿಜ. ಮಳೆಗಾಲದ ಪಣಂಪುಳಿ ಹಣ್ಣಿನ ರಸ ಇಳಿಸಿ, ಅದು ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿ ಮಾಡಿದ ಕಾಚಂಪುಳಿ ನಮ್ಮ ಕಪಾಟಿನಲ್ಲಿ ವರ್ಷವಿಡೀ ಇರುತ್ತದೆ. ಕರಿಮೆಣಸು ತೋಟದ್ದೇ. ಅಕ್ಕಿ ತರಿ ಡಬ್ಬಿಯಲ್ಲಿದೆ. ಇಷ್ಟೆಲ್ಲ ಇರುವವರು ಅದೇ ಊಟಕ್ಕೆ ಹೊರಗೆ ದುಡ್ಡು ಕೊಡುವುದೇಕೆ?

ಆದರೆ ಅತ್ತೆಯ ಲೆಕ್ಕದಲ್ಲಿ ಅತ್ತೆಯ ಕೂಲಿಯೇ ಇರಲಿಲ್ಲ. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಮೆಣಸನ್ನು ಕಪ್ಪಗಾಗುವಷ್ಟು ಹುರಿದು ಪುಡಿ ಮಾಡುವುದು, ಮಾಂಸವನ್ನು ಅದರದೇ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸುವುದು, ಇನ್ನೊಂದು ಒಲೆಯಲ್ಲಿ ತರಿ ಬೇಯಿಸಿ, ಕೈ ಸುಡುವ ಬಿಸಿಯಲ್ಲೇ ಉಂಡೆ ಕಟ್ಟಿ ಹಬೆಗಿಡುವುದು, ಕೊನೆಗೆ ಜಿಡ್ಡು ಹತ್ತಿದ ಪಾತ್ರೆ ತಿಕ್ಕುವುದು: ಇದೆಲ್ಲ ಮನೆಯಲ್ಲಿ ನಡೆದಾಗ ಯಾರೂ ಬೆಲೆ ಹಾಕುವುದಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ತೋಟದಲ್ಲಿ ದಿನವಿಡೀ ನಿಂತು, ಸಂಜೆ ಹಣ್ಣು ತೂಗಿಸಿ, ಕೂಲಿ ಲೆಕ್ಕ ಬರೆದು ಬಂದವರಿಗೆ ಆ ಸಾವಿರ ರೂಪಾಯಿ ಬೇರೆಯಾಗಿಯೇ ಕಾಣುತ್ತದೆ. ಅಂಥ ಒಂದು ರಾತ್ರಿ ಅತ್ತೆಯನ್ನೂ ಕರೆದುಕೊಂಡು ಹೋದೆವು. ಕರಿ ಸ್ವಲ್ಪ ನೀರಾಯಿತು, ಹುಳಿ ಸಾಲದು ಎಂದು ತಪ್ಪು ಹುಡುಕಿದರು. ಬೆಲೆಯ ಮಾತು ಮಾತ್ರ ಎತ್ತಲಿಲ್ಲ.

ಬೆಳೆದವರಿಗೇ ಕಾಫಿ ದುಬಾರಿ

ನಮ್ಮವರ ಇನ್ನೊಂದು ಗೊಣಗಾಟ ಕಾಫಿಯದು. ಊರೆಲ್ಲ ಕಾಫಿ ಬೆಳೆದು, ಇಲ್ಲಿಯೇ ಒಂದು ಕಪ್ಪಿಗೆ 120 ಕೊಡುವುದೇ? 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋದಾಗ ಸಂಭ್ರಮಪಟ್ಟವರೇ ಕಪ್ಪಿನ ಬೆಲೆ ನೋಡಿ ಹುಬ್ಬೇರಿಸಿದರು. ಲೆಕ್ಕ ಹಾಕಿ ನೋಡಿ: ಮೆಷಿನ್ನಿನಲ್ಲಿ ಇಳಿಸುವ ಒಂದು ಡಬಲ್ ಶಾಟ್‌ಗೆ ಸುಮಾರು 18 ಗ್ರಾಂ ಪುಡಿ ಬೇಕು. ಹುರಿದ ಬೀಜಕ್ಕೆ ಕಿಲೋಗೆ ಸಾವಿರ ಎಂದೇ ಹಿಡಿದರೂ ಕಪ್ಪಿನೊಳಗಿನ ಕಾಫಿಯ ಬೆಲೆ 18 ರೂಪಾಯಿ. ಉಳಿದ ನೂರಕ್ಕೂ ಮಿಕ್ಕಿದ್ದು ಹಾಲು, ಮೆಷಿನ್ನು, ಬಾಡಿಗೆ, ಕರೆಂಟು, ಸಂಬಳ ಮತ್ತು ನಾವು ಕುಳಿತ ಕುರ್ಚಿ. ಹಾಗಾಗಿ ಗಂಟೆಗಟ್ಟಲೆ ಕುಳಿತು ಮಾತಾಡುವ ದಿನ 120 ಹೆಚ್ಚೆನಿಸುವುದಿಲ್ಲ. ಊಟ ಮುಗಿಸಿ ಹೊರಡುವ ಅವಸರದಲ್ಲಿ ಅದೇ ಕಪ್ಪು ಗುಟುಕರಿಸಿದರೆ ದಂಡ. ಈಗ ನಾವು ರಾತ್ರಿ ಊಟದ ಜೊತೆ ಕಾಫಿ ಹೇಳುವುದಿಲ್ಲ, ಮನೆಗೆ ಬಂದು ಬೆಲ್ಲದ ಕಾಫಿ ಮಾಡಿಕೊಳ್ಳುತ್ತೇವೆ. ಬಿಲ್ಲು ಅಲ್ಲಿಗೇ 240 ಇಳಿಯಿತು.

ಕರಿ ಕಾಯುತ್ತದೆ, ಪುಟ್ಟು ಕಾಯುವುದಿಲ್ಲ

ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು. ಹೊಸ ಜಾಗಕ್ಕೆ ಹೋದವರು ಪಂದಿ ಕರಿಯ ರುಚಿ ನೋಡಿ ಅಡುಗೆಮನೆಗೆ ಅಂಕ ಕೊಡುತ್ತಾರೆ. ಆದರೆ ಪಂದಿ ಕರಿ ಅಡುಗೆಯವನನ್ನು ಕಾಪಾಡುವ ಪದಾರ್ಥ. ಕೊಬ್ಬು, ಮಸಾಲೆ, ಕಾಚಂಪುಳಿಯ ಹುಳಿ ಮೂರೂ ಸೇರಿ ಅದನ್ನು ಕೆಡದಂತೆ ಹಿಡಿದಿಡುತ್ತವೆ. ಮರುದಿನಕ್ಕೆ ರುಚಿ ಏರುತ್ತದೆಂದು ಮನೆಯಲ್ಲೇ ಬೇಕೆಂದು ಉಳಿಸುತ್ತೇವೆ. ಹೋಟೆಲಿನವರು ನಿನ್ನೆಯದನ್ನು ಕಾಯಿಸಿ ಬಡಿಸಿದರೂ ಉಂಡವರು ಹೊಗಳಿಯೇ ಏಳುತ್ತಾರೆ.

ಪುಟ್ಟಿಗೆ ಆ ಅನುಕೂಲವಿಲ್ಲ. ಕಡಂಬುಟ್ಟು ಹಬೆಯಿಂದ ಇಳಿದ ಕೂಡಲೇ ಮೆದು. ಆರಿದರೆ ಗಟ್ಟಿ, ಮೈಕ್ರೋವೇವಿನಲ್ಲಿಟ್ಟರೆ ಹೊರಗೆ ಅಂಟು, ಒಳಗೆ ರಬ್ಬರು. ಶಾವಿಗೆಯಂಥ ನೂಲ್‌ಪುಟ್ಟು ಗಾಳಿಗೆ ಒಣಗಿ ಎಳೆ ಎಳೆಯಾಗಿ ಮುರಿಯುತ್ತದೆ. ಅನ್ನ ಮತ್ತು ಅಕ್ಕಿಹಿಟ್ಟು ನಾದಿ ತಟ್ಟಿದ ಒಟ್ಟಿ ಹೆಂಚಿನಿಂದ ತಟ್ಟೆಗೆ ಬರುವುದು ತಡವಾದರೆ ಹಪ್ಪಳಕ್ಕೂ ಚರ್ಮಕ್ಕೂ ನಡುವಿನ ಏನೋ ಒಂದಾಗುತ್ತದೆ. ಬಿಸಿ ಪುಟ್ಟು ಬೇಕಾದರೆ ಗಿರಾಕಿ ಕುಳಿತ ಮೇಲೆ ಒಬ್ಬರು ಒಲೆಯ ಮುಂದೆ ನಿಂತಿರಬೇಕು. ರಾತ್ರಿ ಊಟಕ್ಕೆ ನಾವು ಕೊಡುವ ಹೆಚ್ಚಿನ ದುಡ್ಡು ಹೋಗಬೇಕಾದದ್ದು ಅಲ್ಲಿಗೆ. ಹೋಗುತ್ತಿದೆಯೋ ಇಲ್ಲವೋ ಎಂಬುದನ್ನು 340ರ ಬಟ್ಟಲಿಗಿಂತ 80ರ ತಟ್ಟೆ ಬೇಗ ಹೇಳುತ್ತದೆ.

ಆ ಕೆಫೆಯಲ್ಲೂ ಆರಂಭದ ದಿನಗಳಲ್ಲಿ ಏಳು ಗಂಟೆಗೆ ಹೋದರೆ ಪುಟ್ಟು ಹೂವಿನಂತಿರುತ್ತಿತ್ತು, ಎಂಟೂವರೆಗೆ ಹೋದರೆ ಚೆಂಡು. ಮಾಲೀಕ ನಮ್ಮ ಮಗನ ವಯಸ್ಸಿನ ಹುಡುಗ. ಕೇಳಿದಾಗ ಮುಚ್ಚುಮರೆ ಮಾಡಲಿಲ್ಲ.

"ಅಕ್ಕ, ಪುಟ್ಟು ಮಾಡುವವರು ಹೆಂಗಸರು, ಕೊನೇ ಬಸ್ಸಿಗೆ ಹೊರಡ್ತಾರೆ. ಆಮೇಲೆ ಬಂದವರಿಗೆ ಮಾಡಿಟ್ಟದ್ದನ್ನೇ ಬಿಸಿ ಮಾಡಿ ಕೊಡೋದು. ಬೇರೆ ದಾರಿ ಇಲ್ಲ."

"ಮನೆಗೆ ಬಿಟ್ಟು ಬರೋಕೆ ಗಾಡಿ ಮಾಡಿದರೆ?"

"ಮಾಡಬಹುದು. ಆ ಬಾಡಿಗೆ ಯಾರ ತಲೆ ಮೇಲೆ ಹಾಕಲಿ?"

ಅವನ ಪ್ರಶ್ನೆ ಸರಿಯಾಗಿತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿ, ಹೋಟೆಲುಗಳು ಹಗಲುರಾತ್ರಿ ತೆರೆದಿರಬಹುದೆಂದು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಆದೇಶ ಹೊರಡಿಸಿದಾಗಲೂ, ರಾತ್ರಿ ಎಂಟರ ನಂತರ ಹೆಂಗಸರು ದುಡಿಯಬೇಕಾದರೆ ಅವರ ಲಿಖಿತ ಒಪ್ಪಿಗೆ, ಭದ್ರತೆ, ಓಡಾಟದ ವ್ಯವಸ್ಥೆ ಬೇಕೆಂಬ ಷರತ್ತು ಇತ್ತು. ಈ ಕೆಫೆಯಲ್ಲಿ ಅಷ್ಟು ಜನ ಇಲ್ಲದಿರಬಹುದು. ಆದರೂ ಮಂಜು ಕವಿದ ದಾರಿ, ಬಸ್ಸಿಲ್ಲದ ಹಳ್ಳಿ, ತೋಟದ ನಡುವೆ ನಡೆದುಹೋಗಬೇಕಾದ ಕಾಲುಹಾದಿ ಕೆಲಸಗಾರರ ಸಂಖ್ಯೆ ನೋಡಿ ಬದಲಾಗುವುದಿಲ್ಲವಲ್ಲ.

ಕೊನೆಗೆ ಅವನು ಜೀಪು ಗೊತ್ತು ಮಾಡಿದ. ಪುಟ್ಟಿನ ಬೆಲೆ 60ರಿಂದ 80 ಆಯಿತು. ಕೆಲವರು ಮುಖ ತಿರುಗಿಸಿದರು. ನನಗೆ ಮಾತ್ರ ಊಟ ಅಗ್ಗವಾದದ್ದು ಬೆಲೆ ಏರಿದ ಆ ದಿನವೇ. 60 ಕೊಟ್ಟು ಅರ್ಧ ತಟ್ಟೆಯಲ್ಲೇ ಬಿಡುತ್ತಿದ್ದ ಪುಟ್ಟನ್ನು 80 ಕೊಟ್ಟು ಪೂರ್ತಿ ತಿನ್ನತೊಡಗಿದೆ.

ಬೆಲೆ ಇಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿಗೆ ಬೆಂಗಳೂರಿನ ಎಂಟಿಆರ್ ಕಥೆ ನೆನಪಿಸುತ್ತೇನೆ. 1924ರಲ್ಲಿ ಶುರುವಾದ ಆ ಹೋಟೆಲು ತುರ್ತುಪರಿಸ್ಥಿತಿಯ ಕಾಲದಲ್ಲಿ, ತಿಂಡಿಗಳನ್ನು ತೀರಾ ಕಡಿಮೆ ಬೆಲೆಗೆ ಮಾರಬೇಕೆಂಬ ಸರ್ಕಾರದ ಕಟ್ಟಳೆಗೆ ಸಿಕ್ಕಿತು. ಆ ಬೆಲೆಯಲ್ಲಿ ಹಿಂದಿನ ಗುಣಮಟ್ಟ ಉಳಿಸುವುದು ಕಷ್ಟವಾಗಿ, ಸಿದ್ಧ ಹಿಟ್ಟು ಮತ್ತು ಮಸಾಲೆ ಪುಡಿಗಳ ವ್ಯಾಪಾರದ ಕಡೆ ಹೊರಳಿತು. ಅವರಿಗೆ ಹೊರಳಲು ಇನ್ನೊಂದು ದಾರಿ ಇತ್ತು. ನಮ್ಮೂರಿನ ಕೆಫೆಯ ಬಳಿ ಅಂಥದ್ದೇನಿದೆ? ಬೆಲೆ ಸಾಲದೆ ಹೋದರೆ ಅದು ಮೊದಲು ಎಣ್ಣೆಯಲ್ಲಿ ಉಳಿಸುತ್ತದೆ, ಆಮೇಲೆ ಆಳಿನಲ್ಲಿ, ಕೊನೆಗೆ ರಾತ್ರಿಯ ಬೋರ್ಡು ಕಳಚುತ್ತದೆ.

ಬಿಲ್ಲು ಓದಿ ದುಡ್ಡು ಕೊಡಿ

ಊಟ ಚೆನ್ನಾಗಿದ್ದ ಮಾತ್ರಕ್ಕೆ ಬಿಲ್ಲು ಕಣ್ಣು ಮುಚ್ಚಿ ಕೊಡಬೇಕಿಲ್ಲ. ಇಂಥ ಹೋಟೆಲುಗಳ ಊಟಕ್ಕೆ ಜಿಎಸ್‌ಟಿ ಶೇಕಡಾ 5, ಬಿಲ್ಲಿನಲ್ಲಿ ಎರಡೂವರೆ ಎರಡೂವರೆಯಾಗಿ ಕಾಣುತ್ತದೆ. ವರ್ಷದ ವಹಿವಾಟು 1.5 ಕೋಟಿ ರೂಪಾಯಿ ದಾಟದ, ಮದ್ಯ ಮಾರದ ಹೋಟೆಲುಗಳು ರಾಜಿ ತೆರಿಗೆ ಪದ್ಧತಿಗೆ ಸೇರಿಕೊಳ್ಳಬಹುದು. ಹಾಗೆ ಸೇರಿಕೊಂಡವರು ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ಪಡೆಯುವಂತಿಲ್ಲ.

ಸೇವಾ ಶುಲ್ಕದ ವಿಷಯ ಇನ್ನೂ ಸ್ಪಷ್ಟ. ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಿಲ್ಲೆಯ ಬೇರೊಂದು ದೊಡ್ಡ ಜಾಗದಲ್ಲಿ ನೆಂಟರ ಜೊತೆ ಉಂಡಾಗ ಬಿಲ್ಲಿನ ಕೊನೆಯಲ್ಲಿ ಶೇಕಡಾ 10 ಸೇವಾ ಶುಲ್ಕ ಕುಳಿತಿತ್ತು. "ಇದನ್ನು ತೆಗೆದು ಕೊಡಿ" ಎಂದು ಮೆಲ್ಲಗೆ ಹೇಳಿದೆ, ಹೊಸ ಬಿಲ್ಲು ಬಂತು. ಬರದಿದ್ದರೆ 1915 ಎಂಬ ಗ್ರಾಹಕ ಸಹಾಯವಾಣಿ ಇದೆ. ನಮ್ಮ ಬೀದಿಯ ಕೆಫೆ ಅಂಥದ್ದೇನೂ ಹಾಕುವುದಿಲ್ಲ. ಹಾಗಾಗಿ ಪುಟ್ಟು ಮಾಡುವವರಿಗೆಂದು ಮೇಜಿನ ಮೇಲೆ ಐವತ್ತು ರೂಪಾಯಿ ಇಡಲು ನನಗೆ ಬೇಸರವಿಲ್ಲ.

ಮನೆಗೆ ಮರಳುವ ಖರ್ಚು

ಪಟ್ಟಣದವರು ಲೆಕ್ಕಕ್ಕೆ ಹಿಡಿಯದ, ನಾವು ಹಿಡಿಯಲೇಬೇಕಾದ ಖರ್ಚು ಇನ್ನೊಂದಿದೆ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯ ಬಂಧುಗಳನ್ನು ರಾತ್ರಿ ಊಟಕ್ಕೆ ಕರೆದರೆ ಅವರು ಮೊದಲು ಕೇಳುವುದು ಆನೆಯ ಸುದ್ದಿ. ಆನೆ ತೋಟಕ್ಕಿಳಿದಿದೆ ಎಂದರೆ ಸಂಜೆಯ ಮೇಲೆ ಗಾಡಿ ಹೊರಡುವುದಿಲ್ಲ. ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಹೆಡ್‌ಲೈಟಿನ ಬೆಳಕನ್ನೇ ನುಂಗುತ್ತದೆ, ಕರೆಂಟು ಹೋದರೆ ಊರೇ ಕಾಣುವುದಿಲ್ಲ. ಕುಡಿದು ಓಡಿಸುವ ಮಾತಂತೂ ಬೇಡವೇ ಬೇಡ. ಒಂಬತ್ತಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುವ ಊಟ ಈ ಜಿಲ್ಲೆಗೆ ಹೇಳಿಸಿದ್ದಲ್ಲ. ಏಳಕ್ಕೆ ಕುಳಿತು ಎಂಟೂವರೆಗೆ ಏಳುವಂತಿದ್ದರೆ ಮಾತ್ರ ಊಟ ದುಡ್ಡಿಗೆ ತಕ್ಕದ್ದು. ಆ ಕೆಫೆ ಆರೂವರೆಗೇ ಕರಿ ಬಡಿಸಲು ಶುರುಮಾಡಿದ್ದು ಊರಿನ ಜಾಯಮಾನ ತಿಳಿದವರ ಕೆಲಸ.

ಶನಿವಾರದ ಮಾತು ಬೇರೆ. ಅಂದು ರಾಜಾಸೀಟಿನಿಂದ ಇಳಿದವರೆಲ್ಲ ಅಲ್ಲಿಗೇ ಬರುತ್ತಾರೆ, ಕಾಯುವುದೇ ಮುಕ್ಕಾಲು ಗಂಟೆ. ಅಡುಗೆಮನೆ ಉಸಿರು ಬಿಡಲಾರದೆ ಪಿಜ್ಜಾ, ಪಾಸ್ತಾಗಳ ನಡುವೆ ಪುಟ್ಟನ್ನು ಮರೆಯುತ್ತದೆ. ವಾರದ ನಡುವೆ ಪ್ರವಾಸಿಗರು ಕಡಿಮೆ, ಬಂದವರೂ ಹೋಂಸ್ಟೇಯಲ್ಲೇ ಉಣ್ಣುತ್ತಾರೆ. ಆಗ ಅದೇ ಬೆಲೆಗೆ ಬಿಸಿ ಊಟ, ಮೂಲೆಯ ಮೇಜು, ಅಡುಗೆಯವರೊಡನೆ ಎರಡು ಮಾತು ಎಲ್ಲವೂ ಸಿಗುತ್ತದೆ.

ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಚಿಕ್ಕದು. ಮಂಗಳವಾರ ಹೋಗಿ, ಶನಿವಾರ ಬೇಡ. ನಾಲ್ಕು ಜನ ಹೋಗಿ ಎರಡು ಕರಿ ಹಂಚಿಕೊಳ್ಳಿ, ಪುಟ್ಟು ಧಾರಾಳವಾಗಿ ಹೇಳಿ. ತಲೆಗೆ ಮುನ್ನೂರರೊಳಗೆ ಮುಗಿಯುತ್ತದೆ. ಒಬ್ಬರೇ ಇದ್ದರೆ ಪರೋಟ ಹೋಟೆಲೇ ವಾಸಿ. ಪಾಸ್ತಾ ತಿನ್ನಲೇಬೇಕೆಂದರೆ ಬೆಂಗಳೂರಿಗೆ ಹೋದಾಗ ತಿನ್ನಿ. ಪುಟ್ಟು ತಣ್ಣಗಿದ್ದರೆ ಸಂಕೋಚಪಡದೆ ವಾಪಸು ಕಳಿಸಿ. ಆ 80 ರೂಪಾಯಿಯಲ್ಲಿ ಅದೂ ಸೇರಿದೆ.